ಭೂಕಾಂತಕ್ಷೇತ್ರದ ಮುಖ್ಯ ಇಂಜಿನಿಯರ್ ಸಾಹೇಬರಿಗೆ ಕೊನೆ ಭಾಗದವರ ಮನವಿ

ಗೆ,
ಮಾನ್ಯ ಮುಖ್ಯ ಇಂಜಿನಿಯರ್ ಸಾಹೇಬರು,
ಭೂಕಾಂತಕ್ಷೇತ್ರ ವಲಯ,
ಕ್ಯಾಂಪ್: ಭೂಮಿಯ ಹೊರತಿರುಳು, ನೆಲದಿಂದ 2,900 ಕಿ.ಮೀ. ಕೆಳಗೆ.

ವಿಷಯ: ಸೌರ ಬಿರುಗಾಳಿಯ ಕಣಗಳ ಹಂಚಿಕೆಯಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಿಗೆ ಆಗುತ್ತಿರುವ ಅನ್ಯಾಯದ ಕುರಿತು.

ಉಲ್ಲೇಖ: 2024ರ ಮೇ 10ರ ರಾತ್ರಿ ತಮ್ಮ ಇಲಾಖೆ ನಡೆಸಿದ ವಿತರಣೆ.

ಸಾಹೇಬರೆ,

ಈ ಮನವಿಯನ್ನು ಖುದ್ದಾಗಿ ತಂದು ಕೊಡಬೇಕೆಂದೇ ಇದ್ದೆವು. ಮನವಿ ಕೊಡುವುದರಲ್ಲಿ ನಮ್ಮ ಮೂರು ತಾಲ್ಲೂಕಿನವರಿಗೆ ಇರುವಷ್ಟು ಅನುಭವ ರಾಜ್ಯದಲ್ಲಿ ಇನ್ಯಾರಿಗೂ ಇರಲಿಕ್ಕಿಲ್ಲ. ಯಾವ ಟೇಬಲ್ಲಿನಲ್ಲಿ ಸ್ವೀಕೃತಿ ಮುದ್ರೆ ಬೀಳುತ್ತದೆ, ಯಾವ ಸಾಹೇಬರು ಸದಾ ಮೀಟಿಂಗಿನಲ್ಲಿರುತ್ತಾರೆ, ಎಷ್ಟು ಜನ ಹೋದರೆ ಪೊಲೀಸರು ಬರುತ್ತಾರೆ, ಎಷ್ಟು ಜನ ಹೋದರೆ ಚಹಾ ಬರುತ್ತದೆ ಎಂಬುದೆಲ್ಲ ನಮಗೆ ಬಾಯಿಪಾಠ. ಆದರೆ ತಮ್ಮ ಕಚೇರಿ ಇರುವುದು ಕರಗಿದ ಕಬ್ಬಿಣದ ನಡುವೆ. ನಮ್ಮ ಸೀಮೆಯಿಂದ ಕೆಳಕ್ಕಿಳಿಯಲು ಇರುವ ಅತಿ ಆಳದ ದಾರಿ ಎಂದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ. ಅದು ಒಂದು ಕಿಲೋಮೀಟರಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮುಂದಿನ 2,899 ಕಿಲೋಮೀಟರಿಗೆ ಬಸ್ಸಿಲ್ಲ. ಆದ್ದರಿಂದ ಈ ಬಹಿರಂಗ ಪತ್ರ.

ಉಲ್ಲೇಖದ ರಾತ್ರಿಯ ವಿಚಾರ ಮೊದಲು. 2024ರ ಮೇ 7ಕ್ಕೆ ನಮ್ಮಲ್ಲಿ ಲೋಕಸಭೆಯ ಮತದಾನ ಮುಗಿದಿತ್ತು. ಬೆರಳಿನ ಶಾಯಿ ಮಾಸುವ ಮೊದಲೇ 10ರಂದು ಬಸವ ಜಯಂತಿ. ಅದೇ ದಿನ ಅಕ್ಷಯ ತೃತೀಯ. ಒಂದು ಕಡೆ ಬಸವಣ್ಣನವರ ಮೆರವಣಿಗೆ, ಇನ್ನೊಂದು ಕಡೆ ಬಂಗಾರದಂಗಡಿ ಮುಂದೆ ನೂಕುನುಗ್ಗಲು. ಇತ್ತ ಇದು ನಡೆದಿರುವಾಗ ಅತ್ತ ಸೂರ್ಯನ ಮೈಮೇಲೆ 13664 ಎಂಬ ನಂಬರು ಹೊತ್ತ ಕಲೆಗಳ ಗುಂಪೊಂದು, ಅಗಲದಲ್ಲಿ ಹದಿನೈದು ಭೂಮಿಗಳನ್ನು ಸಾಲಾಗಿ ಇಟ್ಟಷ್ಟು, ಎರಡು ಮೂರು ದಿನದಿಂದ ಪ್ಲಾಸ್ಮಾದ ಮೋಡಗಳನ್ನು ಒಂದರ ಹಿಂದೊಂದು ಉಗುಳುತ್ತಿತ್ತು. ಹಿಂದಿನದು ಮುಂದಿನದನ್ನು ಹಿಡಿದು, ಎಲ್ಲ ಸೇರಿ, ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆಯ ಸುಮಾರಿಗೆ ತಮ್ಮ ಮುಂಬಾಗಿಲಿಗೆ ಬಂದು ಬಡಿದವು. ಅಮೆರಿಕದವರು ಇಂಥ ಬಿರುಗಾಳಿಗಳಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಇದಕ್ಕೆ ಐದು ಕೊಟ್ಟರು. 2003ರ ಅಕ್ಟೋಬರಿನ ನಂತರ ಅಷ್ಟು ಅಂಕ ಪಡೆದದ್ದು ಇದೇ ಮೊದಲು.

ಫ್ಲಾರಿಡಾದಲ್ಲಿ ಆಕಾಶ ಗುಲಾಬಿಯಾಯಿತು. ಮೆಕ್ಸಿಕೊದಲ್ಲೂ ಆಯಿತು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಇಟ್ಟ ಕ್ಯಾಮೆರಾಗಳಿಗೆ ಕೆಂಪು ಹೊಳಪು ಸಿಕ್ಕಿತು. ಹೊರದೇಶದಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಸಿರು, ನೇರಳೆ ಫೋಟೊಗಳನ್ನು ಸುರಿದರು. ನಾವು ಮಾಳಿಗೆ ಮೇಲೆ ಕೌದಿ ಹಾಸಿಕೊಂಡು, ಕರೆಂಟು ಹೋದ ಊರಿನ ಮೇಲಿನ ಆಕಾಶ ನೋಡುತ್ತ ಮಲಗಿದೆವು. ಕರೀ ಆಕಾಶ, ಬಿಸಿ ಗಾಳಿ, ಸೊಳ್ಳೆ. ಹಿರಿಯರೊಬ್ಬರು ಮಗ್ಗಲು ತಿರುವಿ ಕೇಳಿದರು: “ಏನಪಾ, ಅದನ್ನೂ ಮ್ಯಾಲಿನವರೇ ತಗೊಂಡ್ಬಿಟ್ರೇನು?”

ಈ ಮನವಿ ಹುಟ್ಟಿದ್ದು ಆ ಮಾತಿನಿಂದ. ತಾವು ಕೆಳಗಿರುವವರು, ತಮಗೆ ತಿಳಿಯಲಿಕ್ಕಿಲ್ಲ. ಮ್ಯಾಲಿನವರು ಎಂದರೆ ನಮ್ಮಲ್ಲಿ ದೇವರೂ ಅಲ್ಲ, ಸರ್ಕಾರವೂ ಅಲ್ಲ. ಕಾಲುವೆಯ ಮೇಲ್ಭಾಗದ ರೈತರು. ಮುನಿರಾಬಾದಿನಲ್ಲಿ ಹೊರಟ ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿಯಬೇಕು. ಕಾಗದದ ಮೇಲೆ ಹರಿಯುತ್ತದೆ. ಮೇಲೆ ಗೇಜಿನಲ್ಲಿ ನೀರು ತೋರಿದರೂ ಕೆಳಗೆ ಬರುವ ಹೊತ್ತಿಗೆ ಉಪಕಾಲುವೆಯ ತಳದ ಬಿರುಕು ಕಾಣುತ್ತಿರುತ್ತದೆ. ಹಾಗಾಗಿ ಎಲ್ಲಿಯಾದರೂ ಏನಾದರೂ ಹಂಚಿಕೆಯಾಗಿ ನಮಗೆ ಬರಲಿಲ್ಲವೆಂದರೆ ನಾವು ಮೊದಲು ಕೇಳುವ ಪ್ರಶ್ನೆಯೇ ಅದು. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 5ಎ ಕಾಲುವೆ ಬೇಕೆಂದು ರೈತರು ತಿಂಗಳುಗಟ್ಟಲೆ ಧರಣಿ ಕೂತವರು. 2021ರ ಉಪಚುನಾವಣೆಯಲ್ಲಿ ಇಡೀ ಮಂತ್ರಿಮಂಡಲವೇ ಬಂದು ಆ ಕಾಲುವೆಯ ಹೆಸರು ಹೇಳಿ ಹೋಯಿತು. ಅಂಥವರಿಗೆ ಸೂರ್ಯನ ಕಣವಾದರೇನು, ನೀರಾದರೇನು?

ಆದರೂ ನಾವು ಸುಮ್ಮನೆ ಆರೋಪ ಮಾಡುವವರಲ್ಲ. ತಮ್ಮ ಇಲಾಖೆಯ ನಕ್ಷೆ ತರಿಸಿ ನೋಡಿದೆವು.

ಅನ್ಯಾಯ ನಕ್ಷೆಯಲ್ಲೇ ಇದೆ. ವಿದ್ಯುದಂಶ ಹೊತ್ತ ಕಣ ಯಾವುದೇ ಇರಲಿ, ಪ್ರೋಟಾನ್ ಆಗಲಿ ಎಲೆಕ್ಟ್ರಾನ್ ಆಗಲಿ, ತಮ್ಮ ಕಾಂತರೇಖೆಯನ್ನು ಅಡ್ಡ ಹಾಯುವುದು ಅದಕ್ಕೆ ಬಲು ಕಷ್ಟ. ರೇಖೆಯ ಸುತ್ತ ಸುರುಳಿ ಸುತ್ತುತ್ತ, ಅದರ ಉದ್ದಕ್ಕೇ ಸಾಗಬೇಕು. ಈ ರೇಖೆಗಳೆಂಬ ಕಾಲುವೆಗಳನ್ನು ತಾವು ತೋಡಿರುವುದು ಹೇಗೆಂದರೆ, ಎರಡು ಧ್ರುವಗಳ ಬಳಿ ಅವು ನೆಟ್ಟಗೆ ನೆಲಕ್ಕೇ ಇಳಿಯುತ್ತವೆ. ಸೂರ್ಯನಿಂದ ಬಂದ ಸರಕನ್ನು ಅಲ್ಲಿನವರ ಹೊಲಕ್ಕೇ ಸುರಿಯುತ್ತವೆ. ನಮ್ಮ ತಲೆಯ ಮೇಲೆ ಮಾತ್ರ ಹೆಚ್ಚೂಕಡಿಮೆ ಅಡ್ಡ ಮಲಗಿವೆ. ಕಾಂತೀಯ ಸಮಭಾಜಕ ರೇಖೆ ಹಾಯುವುದು ದೇಶದ ದಕ್ಷಿಣದ ತುದಿಯಲ್ಲಿ. 1963ರಲ್ಲಿ ರಾಕೆಟ್ ಹಾರಿಸಲು ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಊರನ್ನು ಆರಿಸಿದ್ದೂ ಅದೇ ಕಾರಣಕ್ಕೆ. ನಾವು ಅದಕ್ಕಿಂತ ಸ್ವಲ್ಪ ಮೇಲೆ. ಅಂದರೆ ತಮ್ಮ ಇಡೀ ಅಚ್ಚುಕಟ್ಟಿನಲ್ಲಿ ಕೊನೆಯ ತೂಬಿನವರು.

ಇನ್ನು ಅರ್ಹತೆಯ ಪ್ರಶ್ನೆ. ಧ್ರುವಪ್ರದೇಶಕ್ಕೆ ಒಂದು ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನ್ ಸಲೀಸಾಗಿ ಬಂದಿಳಿಯುತ್ತದೆ. ಅದೇ ಪ್ರೋಟಾನ್ ಅಡ್ಡರೇಖೆಗಳನ್ನು ಸೀಳಿಕೊಂಡು ನಮ್ಮ ನೆತ್ತಿಗೆ ನೆಟ್ಟಗೆ ಇಳಿಯಬೇಕೆಂದರೆ 1,500 ಕೋಟಿಗೂ ಮಿಗಿಲು ಬೇಕು. ಬಿರುಗಾಳಿಯಲ್ಲಿ ಸೂರ್ಯ ಕಳಿಸುವ ಪ್ರೋಟಾನುಗಳಲ್ಲಿ ಬಹುಪಾಲು ಹತ್ತು ಕೋಟಿಯನ್ನೂ ಮುಟ್ಟದವು. ಸಂವಿಧಾನದ 371ಜೆ ಕಲಮಿನಲ್ಲಿ ನಮಗೆ ವಿಶೇಷ ಸ್ಥಾನ ಇದೆ ಸಾಹೇಬರೆ, ತಮ್ಮ ಗಮನಕ್ಕೆ. ಅದರಲ್ಲಿ ಶಿಕ್ಷಣ, ಉದ್ಯೋಗ, ಅಭಿವೃದ್ಧಿ ಮಂಡಳಿ ಎಂದಿದೆ, ಪ್ರೋಟಾನ್ ಎಂದಿಲ್ಲ. ತಿದ್ದುಪಡಿ ತರಬಹುದು.

ಇದು ನಿನ್ನೆ ಮೊನ್ನೆಯ ತಾರತಮ್ಯವೂ ಅಲ್ಲ. 1939–40ರ ಚಳಿಗಾಲದಲ್ಲಿ ನೊಬೆಲ್ ಪಡೆದ ರಾಬರ್ಟ್ ಮಿಲಿಕನ್ ಅಮೆರಿಕದಿಂದ ಬಂದು ಪೇಶಾವರ, ಆಗ್ರಾ, ಬೆಂಗಳೂರುಗಳಲ್ಲಿ ಬಲೂನು ಹಾರಿಸಿದರು. ಬಾಹ್ಯಾಕಾಶದ ಕಣಗಳು ಯಾವ ಅಕ್ಷಾಂಶದಲ್ಲಿ ಎಷ್ಟು ಇಳಿಯುತ್ತವೆ, ತಮ್ಮ ಕಾಂತಕ್ಷೇತ್ರ ಎಷ್ಟನ್ನು ತಡೆದು ಹಿಂದಕ್ಕಟ್ಟುತ್ತದೆ ಎಂದು ಅಳೆಯಲು. ನೋಡಿ, ಹಂಚಿಕೆಯಲ್ಲಿ ಹೆಚ್ಚುಕಡಿಮೆ ಇದೆಯೆಂದು ನಿಜಾಮರ ಕಾಲದಲ್ಲೇ ಸರ್ವೆ ಆಗಿದೆ. ಎಂಬತ್ತು ವರ್ಷ ದಾಟಿದರೂ ಕ್ರಮವಿಲ್ಲ.

ವಿತರಣೆಯ ವಿಧಾನದ ಬಗ್ಗೆ ಎರಡು ಮಾತು. ಸರಬರಾಜು ಎರಡು ಬಗೆಯದು, ಮತ್ತು ಅವೆರಡನ್ನು ಜನ ಕಲಸಿಬಿಡುತ್ತಾರೆ.

ಮೊದಲನೆಯದು ನೇರ ಬರುವುದು. ಸೂರ್ಯನಲ್ಲಿ ಸ್ಫೋಟವಾದಾಗ, ಇಲ್ಲವೆ ಉಗುಳಿದ ಮೋಡ ತನ್ನ ಮುಂದಿನ ಸೌರಗಾಳಿಯನ್ನು ನೂಕಿಕೊಂಡು ಹೋಗುವಾಗ ಏಳುವ ಆಘಾತದ ಅಲೆಯಲ್ಲಿ, ಪ್ರೋಟಾನುಗಳಿಗೆ ಭಾರೀ ವೇಗ ಸಿಗುತ್ತದೆ. ಮೋಡ ಬರಲು ಒಂದರಿಂದ ಮೂರು ದಿನ ಬೇಕು. ಈ ಪ್ರೋಟಾನುಗಳಲ್ಲಿ ಚುರುಕಾದವು ಅರ್ಧ ತಾಸಿನಲ್ಲೇ ಭೂಮಿ ಮುಟ್ಟುವುದುಂಟು. ಧ್ರುವದ ಮೇಲಿನ ತೆರೆದ ರೇಖೆಗಳಲ್ಲಿ ನುಗ್ಗಿ, ನೆಲದಿಂದ ಮೂವತ್ತರಿಂದ ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಅಣುಗಳಿಗೆ ಗುದ್ದಿ ಅಲ್ಲೇ ಮುಗಿಯುತ್ತವೆ. ಶಕ್ತಿ ಹೆಚ್ಚಿದ್ದಷ್ಟೂ ಆಳ. ಗುದ್ದಿದ ಕಡೆ ಗಾಳಿ ಅಯಾನುಗಳಾಗಿ ಒಡೆಯುತ್ತದೆ. ದೂರದ ರೇಡಿಯೊ ಅಲೆಗಳನ್ನು ಆ ಪದರ ನುಂಗಿಬಿಡುತ್ತದೆ. ಉತ್ತರ ಧ್ರುವದ ಮೇಲೆ ಹಾರುವ ವಿಮಾನಗಳು ಸುತ್ತು ಹಾಕಿ ಹೋಗಬೇಕಾಗುತ್ತದೆ. ನೈಟ್ರೋಜನ್ ಆಕ್ಸೈಡುಗಳು ಹುಟ್ಟಿ ಓಝೋನನ್ನೂ ಒಂದಿಷ್ಟು ತಿನ್ನುತ್ತವೆ. ಇದರಲ್ಲಿ ಬಣ್ಣವೂ ಇಲ್ಲ, ಬೆಡಗೂ ಇಲ್ಲ. ಇದು ನಮಗೆ ಬರಲಿಲ್ಲವೆಂದು ಅಳುವುದು ಹೇಗೆ ಎಂದು ನಮ್ಮ ಸಂಘದ ಸಭೆಯಲ್ಲೂ ಚರ್ಚೆಯಾಯಿತು. ಬೇಕಾದದ್ದೋ ಬೇಡವಾದದ್ದೋ ಆಮೇಲಿನ ಮಾತು, ಪಾಲು ಪಾಲೇ ಎಂದು ಬಹುಮತದಿಂದ ತೀರ್ಮಾನವಾಯಿತು.

ಎರಡನೆಯದು ಆ ಬಣ್ಣದ ಬೆಳಕು ಹುಟ್ಟಿಸುವುದು. ಅದು ಸೂರ್ಯನಿಂದ ನೆಟ್ಟಗೆ ಬಂದು ಬೀಳುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಹಗಲಿನ ಕಡೆ ತಮ್ಮ ಕಾಂತಕ್ಷೇತ್ರ ಸುಮಾರು 65,000 ಕಿಲೋಮೀಟರ್ ದೂರದಲ್ಲೇ ಸೌರಗಾಳಿಯನ್ನು ಅಡ್ಡಗಟ್ಟುತ್ತದೆ. ರಾತ್ರಿಯ ಕಡೆ ಅದೇ ಕ್ಷೇತ್ರ ಲಕ್ಷಾಂತರ ಕಿಲೋಮೀಟರ್ ಉದ್ದದ ಬಾಲವಾಗಿ ಚಾಚಿಕೊಂಡಿದೆ. ಬಿರುಗಾಳಿ ಬಂದಾಗ ಮುಂದೆ ಹರಿದ ರೇಖೆಗಳು ಹಿಂದಕ್ಕೆ ಎಳೆದುಕೊಂಡು ಹೋಗಿ, ಬಾಲದಲ್ಲಿ ಮತ್ತೆ ಕೂಡಿಕೊಂಡು, ಬಿಟ್ಟ ರಬ್ಬರಿನ ಹಾಗೆ ಭೂಮಿಯ ಕಡೆ ಸೆಟೆಯುತ್ತವೆ. ಆಗ ಅಲ್ಲಿ ಸೇರಿದ್ದ ಎಲೆಕ್ಟ್ರಾನುಗಳು ಕೆಲವು ಸಾವಿರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಪಡೆದು ಹಿಂದಿನಿಂದ ಧ್ರುವದತ್ತ ಓಡುತ್ತವೆ. ಇದು 1961ರಲ್ಲಿ ಹೊಳೆದದ್ದು ಇಂಗ್ಲೆಂಡಿನ ಜೇಮ್ಸ್ ಡಂಗಿಗೆ. ನೆಲದಿಂದ ನೂರು, ನೂರೈವತ್ತು ಕಿಲೋಮೀಟರ್ ಎತ್ತರದ ಆಮ್ಲಜನಕಕ್ಕೆ ಬಡಿದರೆ ಹಸಿರು. ಇನ್ನೂರರ ಮೇಲೆ ಬಡಿದರೆ ಕೆಂಪು. ಹಾನ್ಲೆಯವರಿಗೆ ಬರೀ ಕೆಂಪು ಸಿಕ್ಕಿದ್ದೂ ಅದಕ್ಕೇ. ದೂರದ ಉತ್ತರದ ಬೆಳಕಿನಲ್ಲಿ ಅತಿ ಎತ್ತರದ ಭಾಗವಷ್ಟೇ ದಿಗಂತದ ಮೇಲೆ ತಲೆ ಎತ್ತಿ ಕಂಡಿತು. ಮ್ಯಾಲಿನವರಲ್ಲೂ ಹಾನ್ಲೆಯವರು ಅಂಚಿನವರೇ ಎಂದು ತಿಳಿದು ನಮಗೆ ಕೊಂಚ ಸಮಾಧಾನವಾಯಿತು.

ರಾತ್ರಿಯಲ್ಲಿ ಹಿಂದಿನಿಂದ ಎತ್ತುವ ಈ ಪದ್ಧತಿ ನಮಗೆ ಚೆನ್ನಾಗಿ ಗೊತ್ತು ಸಾಹೇಬರೆ. ಕತ್ತಲಾದ ಮೇಲೆ ನಮ್ಮ ಮುಖ್ಯ ಕಾಲುವೆಯ ದಂಡೆಗೂ ಪಂಪ್‌ಸೆಟ್ ಇಳಿಯುತ್ತವೆ. ಬೆಳಕು ಹರಿಯುವಷ್ಟರಲ್ಲಿ ಪೈಪು ಮನೆ ಸೇರಿರುತ್ತದೆ. ದಂಡೆಯ ಹಸಿಮಣ್ಣಿನಲ್ಲಿ ಪೈಪು ಎಳೆದ ಗೆರೆ, ಪಕ್ಕದಲ್ಲಿ ಡೀಸೆಲ್ಲಿನ ಎರಡು ಹನಿ ಮಾತ್ರ. ಕೇಳಿದರೆ ಯಾರೂ ಇಲ್ಲ. ತಮ್ಮ ಬಾಲದಲ್ಲಿ ನಡೆಯುವುದೂ ಅನಧಿಕೃತ ಎತ್ತುವಿಕೆಯೇ ಎಂಬುದು ನಮ್ಮ ನಮ್ರ ಅಭಿಪ್ರಾಯ.

ಗೇಟಿನ ವಿಚಾರವಂತೂ ಇನ್ನೂ ವಿಚಿತ್ರ. ಎಷ್ಟೇ ದೊಡ್ಡ ಮೋಡ ಬರಲಿ, ಅದು ಹೊತ್ತು ತಂದ ಕಾಂತಕ್ಷೇತ್ರ ಉತ್ತರಕ್ಕೆ ಮುಖ ಮಾಡಿದ್ದರೆ ತಮ್ಮ ಗೇಟು ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ್ದರೆ ತೆರೆದುಕೊಳ್ಳುತ್ತದೆ. ದಕ್ಷಿಣದ ಬಾಗಿಲು ಒಳ್ಳೆಯದಲ್ಲ ಎಂದು ಹೇಳಿ ದುಡ್ಡು ಎಣಿಸುವ ವಾಸ್ತು ಪಂಡಿತರ ಬಾಯಲ್ಲಿ ಭೌತಶಾಸ್ತ್ರ ಒಪ್ಪುವ ಮಾತು ಬಂದದ್ದು ಇದೊಂದೇ ಇರಬೇಕು, ಅದೂ ಅವರಿಗೆ ತಿಳಿಯದೆ. ಗೇಟು ಹೋದರೆ ಹೇಗಿರುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಅದೇ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಕೊಂಡು ಹೋಯಿತು. ಆಗಷ್ಟೇ ಭತ್ತ ನಾಟಿ ಮಾಡಿದ್ದ ಸಿಂಧನೂರಿನವರು, ತುಂಬಿದ ಜಲಾಶಯ ಹೊಳೆಗೆ ಹರಿದು ಹೋಗುವುದನ್ನು ಮೊಬೈಲಿನಲ್ಲಿ ನೋಡುತ್ತ ಕೂತರು. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸುವವರೆಗೆ ಒಂದು ವಾರ ಯಾರ ಮನೆಯಲ್ಲೂ ಸರಿಯಾಗಿ ಅನ್ನ ಇಳಿಯಲಿಲ್ಲ. ತಮ್ಮ ಗೇಟು ಒಂದು ರಾತ್ರಿಯಲ್ಲಿ ಎಷ್ಟೋ ಸಲ ತೆರೆದು ಮುಚ್ಚಿಕೊಳ್ಳುತ್ತದೆ, ಒಂದು ಚೈನೂ ಇಲ್ಲದೆ. ಈ ತಂತ್ರಜ್ಞಾನದ ಬಗ್ಗೆ ನಮ್ಮ ಕಡೆಯ ಇಂಜಿನಿಯರುಗಳಿಗೆ ತರಬೇತಿ ಕೊಡಿಸಲು ಪ್ರತ್ಯೇಕ ಅರ್ಜಿ ಹಾಕುತ್ತೇವೆ.

ಹಾಗೆಂದು ತಮ್ಮ ಕಾವಲು ನಮ್ಮ ಅಕ್ಷಾಂಶದಲ್ಲಿ ಎಂದೂ ಸಡಿಲವಾಗಿಲ್ಲವೆ? ಆಗಿದೆ. 2015ರ ಜೂನ್ 22ರಂದು, ನಮಗಿಂತಲೂ ತೆಂಕಣಕ್ಕಿರುವ ಊಟಿಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಎಂಬ ಉಪಕರಣದ ಸಾಲಿಗೆ ಸುಮಾರು ಎರಡು ತಾಸು ಮ್ಯುಯಾನ್ ಕಣಗಳ ಮಳೆ ಹೆಚ್ಚಿದ್ದು ಸಿಕ್ಕಿತು. ಸೂರ್ಯನ ಮೋಡವೊಂದು ಬಡಿದು ತಮ್ಮ ಕ್ಷೇತ್ರವನ್ನು ಒತ್ತಿ, ದುರ್ಬಲಗೊಳಿಸಿ, ಎಂದಿಗಿಂತ ಕಡಿಮೆ ಶಕ್ತಿಯ ಕಣಗಳಿಗೂ ದಾರಿ ಬಿಟ್ಟಿತ್ತು. ಒಳಬಂದವು ಸೂರ್ಯನವಲ್ಲ, ಬಹಳ ದೂರದ ನಕ್ಷತ್ರಲೋಕದವು. ಆದರೆ ಬೇಲಿ ಮುರಿದದ್ದು ಸೂರ್ಯನೇ. ಆ ಎರಡು ತಾಸಿನ ಸರಬರಾಜಿಗಾಗಿ ಧನ್ಯವಾದ. ನಮಗೆ ಮುಂಚಿತವಾಗಿ ನೋಟಿಸು ಕೊಟ್ಟಿದ್ದರೆ ಹಾರ ತರುತ್ತಿದ್ದೆವು.

ಹಳೆಯ ದಾಖಲೆಗಳಲ್ಲೂ ಆಸೆಯ ಎಳೆಗಳಿವೆ. 1859ರ ಸೆಪ್ಟೆಂಬರ್ 2ರಂದು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕ ಒಮ್ಮೆಗೇ ಸುಮಾರು 1,600 ನ್ಯಾನೊಟೆಸ್ಲಾ ಕುಸಿಯಿತು. ಅಳೆಯುವ ರೀತಿ ಬೇರೆಯಾದರೂ, 2024ರ ಮೇ ತಿಂಗಳಿನ ಬಿರುಗಾಳಿ ಜಗತ್ತಿನ ಲೆಕ್ಕದಲ್ಲಿ ಸುಮಾರು 400 ದಾಟಿತೆಂದರೆ ಹೋಲಿಸಿ ನೋಡಬಹುದು. 1859ರ ಆ ಕುಸಿತದ ಹಿಂದಿನ ದಿನ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಬಿಳಿ ಮಿಂಚು ಕಂಡದ್ದೂ, ಹದಿನೇಳೂವರೆ ತಾಸಿನಲ್ಲಿ ಅದರ ಮೋಡ ಇಲ್ಲಿಗೆ ತಲುಪಿದ್ದೂ ಆ ಬಿರುಗಾಳಿಯೇ. ಇನ್ನು 1872ರ ಫೆಬ್ರವರಿ 4ರ ರಾತ್ರಿ ಮುಂಬಯಿಯವರು ಧ್ರುವಪ್ರಭೆಯನ್ನು ಕಣ್ಣಾರೆ ಕಂಡರು. ಮುಂಬಯಿ ನಮ್ಮಿಂದ ಎಷ್ಟು ದೂರ? ಮೂರೇ ಡಿಗ್ರಿ ಉತ್ತರ. ಆ ರಾತ್ರಿ ನಮ್ಮ ಸೀಮೆ ನಿಜಾಮರ ಕೈಯಲ್ಲಿತ್ತು. 1859ರಲ್ಲಿ ಬ್ರಿಟಿಷರ ಕೈಯಲ್ಲಿತ್ತು; 1860ರಲ್ಲಿ ಅವರು ನಿಜಾಮರಿಗೆ ಹಿಂದಿರುಗಿಸಿದರು. ಪ್ರತಿ ಬಿರುಗಾಳಿಗೂ ನಮ್ಮ ಸರ್ಕಾರ ಬದಲಾಗಿರುತ್ತಿತ್ತು. ಪಾಲು ಕೇಳುವುದು ಯಾರನ್ನು?

ಸೂರ್ಯನಿಗೆ ನಮ್ಮ ಮೇಲೆ ಮುನಿಸಿದೆ ಎಂದು ಮಾತ್ರ ಹೇಳಲಾರೆವು. 1868ರ ಆಗಸ್ಟ್ 18ರ ಪೂರ್ಣಗ್ರಹಣದಲ್ಲಿ ಲೆಫ್ಟಿನೆಂಟ್ ಹರ್ಷೆಲ್ ಜಮಖಂಡಿಯಲ್ಲಿ ದೂರದರ್ಶಕ ಇಟ್ಟು ಕೂತಿದ್ದರು, ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ. ನಕ್ಷೆಯ ಮೇಲೆ ಈ ಎರಡು ಊರಿನ ನಡುವೆ ಅಡಿಪಟ್ಟಿ ಇಟ್ಟು ನೋಡಿ: ಲಿಂಗಸುಗೂರು ಅದರ ಮಗ್ಗುಲಲ್ಲೇ ಇದೆ. ಹೀಲಿಯಂ ಎಂಬ ಮೂಲವಸ್ತುವಿನ ಸುಳಿವು ಸಿಕ್ಕಿದ ಗ್ರಹಣ ಅದು. ಮತ್ತೆ 1980ರ ಫೆಬ್ರವರಿ 16ರ ಮಧ್ಯಾಹ್ನ ಚಂದ್ರನ ನೆರಳು ಅಂಕೋಲಾದ ಕಡೆಯಿಂದ ಬಂದು ಹುಬ್ಬಳ್ಳಿ ದಾಟಿ ನಮ್ಮ ಮೂರೂ ತಾಲ್ಲೂಕುಗಳ ಮೇಲೆ ಹಾಯಿತು. ಎರಡು ನಿಮಿಷಕ್ಕೂ ಮಿಗಿಲಾಗಿ ಸೂರ್ಯನ ಕರೋನಾ, ಅಂದರೆ ಈ ಎಲ್ಲ ಬಿರುಗಾಳಿ ಹೊರಡುವ ಬೆಳ್ಳಿ ಬಣ್ಣದ ಹೊರವಲಯ, ನಮ್ಮ ಅಂಗಳಕ್ಕೇ ಬಂದು ನಿಂತಿತ್ತು. ಅದನ್ನು ನೋಡಲು ದೇಶವಿದೇಶದ ವಿಜ್ಞಾನಿಗಳು ಕರ್ನಾಟಕಕ್ಕೆ ಪೆಟ್ಟಿಗೆ ಹೊತ್ತುಕೊಂಡು ಬಂದರು. ನಾವು ಕದ ಹಾಕಿಕೊಂಡು, ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಟ್ಟು, ಒಳಗೆ ಕೂತೆವು. ಈ ಅಂಶವನ್ನು ಮನವಿಯಿಂದ ಕೈಬಿಡಬೇಕೆಂದು ನಮ್ಮ ಕಾರ್ಯದರ್ಶಿಗಳು ಸೂಚಿಸಿದ್ದರು. ನನ್ನ ಹಟಕ್ಕೆ ಉಳಿದಿದೆ.

ಈಗ ತಮ್ಮ ಪರವಾಗಿ ಒಂದು ಅಂಶ. ಇದು ಗೊತ್ತಾದಾಗ ನಮ್ಮ ಮನವಿಯ ಅರ್ಧ ಬಲ ಹೋಯಿತೆಂದು ಒಪ್ಪಲೇಬೇಕು. ಮೇಲಿನ ವಾಯುಮಂಡಲದಲ್ಲಿ ಕಣಗಳು ಗುದ್ದಿದಾಗ ನ್ಯೂಟ್ರಾನುಗಳು ಸಿಡಿಯುತ್ತವೆ. ನ್ಯೂಟ್ರಾನ್ ಸಾರಜನಕಕ್ಕೆ ತಾಗಿ ಅದನ್ನು ಇಂಗಾಲ-14 ಆಗಿ ಮಾಡುತ್ತದೆ. ಅದು ಆಮ್ಲಜನಕದ ಜೊತೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗಿ, ಕೆಲವೇ ವರ್ಷಗಳಲ್ಲಿ ಗಾಳಿಯೊಂದಿಗೆ ಬೆರೆತು ಭೂಮಿಯನ್ನೆಲ್ಲ ಸುತ್ತುತ್ತದೆ. ಧ್ರುವದ ಮೇಲೆ ಹುಟ್ಟಿದ್ದು ಮಸ್ಕಿಯ ಜೋಳದ ಎಲೆಗೂ ಬರುತ್ತದೆ, ಸಿಂಧನೂರಿನ ಭತ್ತಕ್ಕೂ, ರೊಟ್ಟಿಯಾಗಿ ಅನ್ನವಾಗಿ ನಮ್ಮ ಮೂಳೆಗೂ. ಮೇಲ್ಭಾಗ, ಕೆಳಭಾಗ ಎಂಬ ಭೇದವಿಲ್ಲ, ವಾರಾಬಂದಿಯ ಸರದಿ ಇಲ್ಲ, ಬಸಿನೀರಿನ ಹಾಗೆ ಸದ್ದಿಲ್ಲದೆ ಎಲ್ಲ ಹೊಲಕ್ಕೂ. ಹೆಚ್ಚಿನ ಪಾಲು ನಕ್ಷತ್ರಲೋಕದ ಕಣಗಳಿಂದ ಆದದ್ದು ನಿಜ. ಆದರೆ ಸೂರ್ಯ ನಿಜವಾಗಿ ಕೆರಳಿದ ವರ್ಷ ಅವನ ಪಾಲೂ ಎದ್ದು ಕಾಣುತ್ತದೆ. 2012ರಲ್ಲಿ ಜಪಾನಿನ ಫುಸಾ ಮಿಯಾಕೆ ಹಳೆಯ ದೇವದಾರು ಮರದ ಉಂಗುರಗಳನ್ನು ಪರೀಕ್ಷಿಸಿ, ಕ್ರಿ.ಶ. 774–75ರಲ್ಲಿ ಇಂಗಾಲ-14 ಒಂದೇ ವರ್ಷದಲ್ಲಿ ಶೇ 1.2ರಷ್ಟು ಹಾರಿದ್ದನ್ನು ತೋರಿಸಿದರು. 1859ರ ಬಿರುಗಾಳಿ ಇಂಥ ಗುರುತನ್ನೇ ಬಿಟ್ಟಿಲ್ಲ. 774ರಲ್ಲಿ ನಮ್ಮಲ್ಲಿ ರಾಷ್ಟ್ರಕೂಟರ ಆಳ್ವಿಕೆ. ಆ ವರ್ಷ ಇಲ್ಲಿ ಬೆಳೆದ ಬೇವಿನ ಮರವೊಂದು ಇಂದಿಗೂ ಉಳಿದಿದ್ದರೆ ಅದರಲ್ಲೂ ಆ ಲೆಕ್ಕ ಬರೆದಿರುತ್ತಿತ್ತು.

ಅಷ್ಟೇ ಅಲ್ಲ, ಆ ಲೆಕ್ಕದಿಂದ ಲಾಭ ಪಡೆದವರೂ ನಾವೇ. ಹಟ್ಟಿಯ ಗಣಿಯಲ್ಲಿ ಬಹಳ ಆಳದಲ್ಲಿ, ಯಾರೋ ಪ್ರಾಚೀನರು ಬಂಡೆಗೆ ಆನಿಸಿ ಇಟ್ಟುಹೋದ ಮರದ ತುಂಡುಗಳು ಸಿಕ್ಕವು. ಇಂಗಾಲ-14 ಎಷ್ಟು ಉಳಿದಿದೆಯೆಂದು ನೋಡಿ ಅವು ಸುಮಾರು 2,000 ವರ್ಷ ಹಳೆಯವೆಂದು ಹೇಳಿದರು. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಮಸ್ಕಿಯ ಬಂಡೆಯಲ್ಲಿ, 1915ರಲ್ಲಿ, ಚಿನ್ನ ಹುಡುಕುತ್ತ ಬಂದ ಇಂಜಿನಿಯರ್ ಸಿ. ಬೀಡನ್ ಒಂದು ಶಾಸನ ಕಂಡರು. ದೇವಾನಾಂಪ್ರಿಯ ಎಂದು ಕರೆದುಕೊಂಡವನು ಅಶೋಕನೇ ಎಂಬುದು ಹೆಸರು ಹಿಡಿದು ಖಚಿತವಾದದ್ದು ಅಲ್ಲಿ. ನಮ್ಮ ಸೀಮೆಯಲ್ಲಿ ರಾಜನ ಹೆಸರು ಕಲ್ಲಿನ ಮೇಲೆ ಸಿಕ್ಕಿತು. ಹೆಸರಿಲ್ಲದೆ ಕತ್ತಲಲ್ಲಿ ಕಲ್ಲು ಒಡೆದ ಕೂಲಿಯವರ ಕಾಲ ಸಿಕ್ಕಿದ್ದು ಆಕಾಶದಿಂದ ಸೋರಿ ಬಂದ ಕಣದಿಂದ. ತಮ್ಮ ಇಲಾಖೆಯ ಸೋರಿಕೆ ಇಲ್ಲದಿದ್ದರೆ ಅವರ ಲೆಕ್ಕ ಇಡುವವರೇ ಇರಲಿಲ್ಲ.

ಮ್ಯಾಲಿನವರ ಕಷ್ಟದ ಕಥೆಗಳನ್ನೂ ಓದಿದೆವು, ನ್ಯಾಯ ಎಂದರೆ ಎರಡೂ ಕಡೆ ಕೇಳಬೇಕಲ್ಲ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ನೆಲದೊಳಗೆ ಹರಿದ ಪ್ರವಾಹ ಲೈನುಗಳಿಗೆ ಹೊಕ್ಕು ಒಂದೂವರೆ ನಿಮಿಷದಲ್ಲಿ ಇಡೀ ಪ್ರಾಂತ್ಯದ ಕರೆಂಟು ಕೆಡಿಸಿತು. 60 ಲಕ್ಷ ಜನ ಒಂಬತ್ತು ತಾಸು ಕತ್ತಲಲ್ಲಿ. ಆ ಒಂಬತ್ತು ತಾಸಿನ ಬಗ್ಗೆ ಇಂದಿಗೂ ಪ್ರಬಂಧ ಬರೆಯುತ್ತಿದ್ದಾರೆ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸು ತ್ರೀಫೇಸ್ ಕೊಡುತ್ತೇವೆಂಬ ಭರವಸೆಯ ಮೇಲೆ ಬದುಕುವ ನಾವು, ಉಳಿದ ಹದಿನೇಳು ತಾಸಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. 2022ರ ಫೆಬ್ರವರಿಯಲ್ಲಿ ಸಣ್ಣ ಬಿರುಗಾಳಿಗೇ ಮೇಲಿನ ಗಾಳಿ ಕಾದು ಉಬ್ಬಿ, ಸ್ಪೇಸ್‌ಎಕ್ಸ್ ಆಗಷ್ಟೇ ಹಾರಿಸಿದ್ದ 49 ಉಪಗ್ರಹಗಳಲ್ಲಿ ಮುಕ್ಕಾಲು ಪಾಲು ಉರಿದು ಬಿದ್ದವು. 2024ರ ಮೇ ತಿಂಗಳಲ್ಲಂತೂ ಅಮೆರಿಕದಲ್ಲಿ ಬಿತ್ತನೆಯ ಹಂಗಾಮು. ಜಿಪಿಎಸ್ ನೋಡಿಕೊಂಡು ತಾವೇ ಓಡುವ ಅಲ್ಲಿನ ಟ್ರ್ಯಾಕ್ಟರುಗಳು ದಾರಿ ತಪ್ಪಿ ನಿಂತವು; ದೊಡ್ಡ ದೊಡ್ಡ ಜಮೀನ್ದಾರರು ಬಿತ್ತನೆ ನಿಲ್ಲಿಸಿ ಆಕಾಶ ನೋಡಿದರು. ಆಕಾಶ ನೋಡಿ ಬಿತ್ತುವುದು ನಮಗೆ ಹೊಸದಲ್ಲ. ಆದರೆ ಇದರಲ್ಲಿ ನಗುವಂಥದ್ದೂ ಏನಿಲ್ಲ. ಸಿಂಧನೂರಿನ ಗದ್ದೆಗಳಿಗೂ ಈಗ ಔಷಧಿ ಹೊಡೆಯುವ ಡ್ರೋನು ಬಂದಿದೆ, ಅದಕ್ಕೂ ಉಪಗ್ರಹವೇ ದಾರಿ ತೋರಿಸಬೇಕು. ಕಣ ಇಳಿಯದಿದ್ದರೂ, ಬಿರುಗಾಳಿಯಲ್ಲಿ ನಮ್ಮ ಮೇಲಿನ ಅಯಾನುಗೋಲ ಅಲ್ಲೋಲಕಲ್ಲೋಲವಾಗುತ್ತದೆ; ಕಾಂತೀಯ ಸಮಭಾಜಕದ ಹತ್ತಿರದವರಿಗೆ ಆ ಕಾಟ ತುಸು ಹೆಚ್ಚೇ. ನೀರು ಕೊಡದೆ ಕರ ವಸೂಲು ಮಾಡಿದ ಹಾಗಾಯಿತು.

ನಮ್ಮ ಕಡೆಯಿಂದಲೂ ಒಂದು ಗೇಜ್ ಹಾಕಿಯಾಗಿದೆ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತೇವೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1, 2024ರ ಜನವರಿ 6ರಿಂದ ತಮ್ಮ ಗಡಿಯಾಚೆ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಸೂರ್ಯನ ಕಡೆ ಕೂತಿದೆ. ಏಳು ಉಪಕರಣಗಳು. ಕರೋನಾ ನೋಡುವ ದೊಡ್ಡದನ್ನು ಮಾಡಿದ್ದು ಬೆಂಗಳೂರಿನವರೇ; ಹರಿದುಬರುವ ಕಣಗಳನ್ನು ಎಣಿಸುವುದಕ್ಕೆ ಬೇರೆ ಇವೆ, ಕಾಂತಕ್ಷೇತ್ರದ ದಿಕ್ಕು ಹೇಳುವುದಕ್ಕೆ ಇನ್ನೊಂದು. ಮೋಡ ಅಲ್ಲಿ ಹಾದ ಮೇಲೆ ಇಲ್ಲಿಗೆ ಬರಲು ಒಂದು ತಾಸಿಗಿಂತ ಕಡಿಮೆ. ಅದು ದಕ್ಷಿಣಕ್ಕೆ ಮುಖ ಮಾಡಿದೆಯೋ ಉತ್ತರಕ್ಕೋ ಎಂದು ಖಾತ್ರಿಯಾಗುವುದೂ ಆ ಒಂದು ತಾಸಿನಲ್ಲೇ. ಹಾಗಾಗಿ ಇನ್ನು ಮುಂದೆ ಮೇಲೆ ಎಷ್ಟು ಬಂತು, ಕೆಳಗೆ ಎಷ್ಟು ಬಿಟ್ಟಿರಿ ಎಂಬ ಲೆಕ್ಕ ತಪ್ಪಿಸುವುದು ಕಷ್ಟ. ಇವತ್ತು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಮಂಗಳ ಗ್ರಹದ ಕಿರಣ ಬರುತ್ತದೆ, ಮೊಬೈಲ್ ದೂರ ಇಡಿ ಎಂದು ವರ್ಷ ವರ್ಷವೂ ಬರುವ ಫಾರ್ವರ್ಡ್ ಮೆಸೇಜಿಗೂ ತಮ್ಮ ಇಲಾಖೆಗೂ ಸಂಬಂಧವಿಲ್ಲ ಎಂದು ಒಂದು ಸ್ಪಷ್ಟೀಕರಣ ಹೊರಡಿಸಿದರೆ ಉಪಕಾರ. ಆ ಮೆಸೇಜು ಮಾತ್ರ ಕೊನೆಯ ತೂಬಿನವರೆಗೂ ಸರಿಯಾಗಿ ತಲುಪುತ್ತಿದೆ.

ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಶೀಲಿಸಿ ಸಂಘದ ಸಭೆ ಹೀಗೆ ಕೋರಲು ತೀರ್ಮಾನಿಸಿದೆ. ಹಸಿರಾಗಲಿ ಕೆಂಪಾಗಲಿ ಒಂದು ರಾತ್ರಿಯ ಮಟ್ಟಿಗೆ ನಮಗೂ ತೋರಿಸಬೇಕೆಂಬ ಹಿರಿಯರ ಬೇಡಿಕೆ ಹಾಗೇ ಇರುತ್ತದೆ. ಆದರೆ ಅದು ತೋರಬೇಕೆಂದರೆ 1872ರಂಥದ್ದೋ ಅದಕ್ಕಿಂತ ದೊಡ್ಡದೋ ಬರಬೇಕು, ಬಂದರೆ ಶಕ್ತಿನಗರದಿಂದ ಹೊರಡುವ ಲೈನುಗಳ ಗತಿ ಏನು ಎಂದು ಲೈನ್‌ಮನ್ ಆಗಿ ನಿವೃತ್ತರಾದ ಸದಸ್ಯರೊಬ್ಬರು ಆಕ್ಷೇಪ ಎತ್ತಿದ್ದರಿಂದ, ಆ ಬೇಡಿಕೆಯನ್ನು ಮುಂದಿನ ಸಭೆಗೆ ಇಟ್ಟಿದ್ದೇವೆ. ಅಲ್ಲಿಯವರೆಗೆ ನಮ್ಮ ಮೂರು ತಾಲ್ಲೂಕುಗಳನ್ನು ಕಡೆಗಣಿಸುವ ಈಗಿನ ಪದ್ಧತಿಯನ್ನು ಯಾವುದೇ ಬದಲಾವಣೆ ಇಲ್ಲದೆ, ಕಟ್ಟುನಿಟ್ಟಾಗಿ ಮುಂದುವರಿಸಬೇಕು. ಇಂಥ ಕೋರಿಕೆಯನ್ನು ನಾವು ಯಾವ ಇಲಾಖೆಗೂ ಇದುವರೆಗೆ ಸಲ್ಲಿಸಿಲ್ಲ. ಇದನ್ನು ಪೂರ್ವನಿದರ್ಶನವಾಗಿ ಬೇರೆ ಇಲಾಖೆಗಳು ಬಳಸಿಕೊಳ್ಳತಕ್ಕದ್ದಲ್ಲ.

ತಮ್ಮ ವಿಶ್ವಾಸಿಗಳು,
ಕೊನೆ ಭಾಗದ ರೈತರ ಪರವಾಗಿ.

ಲಗತ್ತು: ಮಸ್ಕಿ ಸೀಮೆಯ ಬಿಳಿಜೋಳ, ಒಂದು ಸೇರು, ಇಂಗಾಲ-14 ಸಹಿತ.

ಪ್ರತಿ: ಸೂರ್ಯನಾರಾಯಣ ಸ್ವಾಮಿಯವರಿಗೆ, ಮಾಹಿತಿಗಾಗಿ. ಏಪ್ರಿಲ್, ಮೇ ತಿಂಗಳ ಸರಬರಾಜು ನಮಗೆ ಪೂರ್ತಿ ತಲುಪುತ್ತಿದೆ. ಅದರಲ್ಲಿ ಹೆಚ್ಚಳದ ಅಗತ್ಯ ಇರುವುದಿಲ್ಲ.